ಲ್ಯಾಪ್‌ಟಾಪ್ ಕ್ಯಾಮೆರಾ ಕಪ್ಪಾಗಿದೆಯೇ? ಚುರಂ ಇಳಿಯುವ ಮೊದಲು ಇಷ್ಟು ನೋಡಿ

ಕಲ್ಪೆಟ್ಟ: ಹೊರಗೆ ಜಡಿಮಳೆ. ಸಂಜೆ ನಾಲ್ಕಕ್ಕೆ ಆನ್‌ಲೈನ್ ಇಂಟರ್‌ವ್ಯೂ. ಲ್ಯಾಪ್‌ಟಾಪ್ ತೆರೆದು ಲಿಂಕ್ ಒತ್ತಿದರೆ ಅತ್ತ ಕಡೆಯವರ ಮುಖ ಕಾಣ್ತದೆ, ಇತ್ತ ಕಡೆಯದ್ದು ಮಾತ್ರ ಕಪ್ಪು ಚೌಕ. ‘ಕ್ಯಾಮೆರಾ ಹೋಯ್ತು’ ಅಂತ ಮನೆಯವರೆಲ್ಲ ತೀರ್ಮಾನ ಮಾಡಿ ಆಗಿರ್ತದೆ. ಮರುದಿನ ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕಿ ಬಸ್ ಹತ್ತುತ್ತಾರೆ. ರಿಪೇರಿ ಅಂಗಡಿಯಲ್ಲಿ ಹುಡುಗ ಒಂದು ಬಟನ್ ಒತ್ತುತ್ತಾನೆ, ಕ್ಯಾಮೆರಾ ಸರಿಯಾಗ್ತದೆ. ಇಂಟರ್‌ವ್ಯೂ ಮಾತ್ರ ಹೋದದ್ದು ಹೋಯ್ತು.

ಲ್ಯಾಪ್‌ಟಾಪ್‌ನೊಳಗೇ ಕೂರಿಸಿರುವ ಕ್ಯಾಮೆರಾ ಮತ್ತು ಮೈಕ್ ಕೆಲಸ ಮಾಡದಿದ್ದಾಗ ಅದು ಸುಟ್ಟುಹೋಗಿದೆ ಎಂದು ಭಾವಿಸುವುದೇ ಹೆಚ್ಚು. ಆದರೆ ಮುಚ್ಚಿದ ಪರದೆ, ತಪ್ಪಿ ಒತ್ತಿದ ಕೀ, ನಿರಾಕರಿಸಿದ ಅನುಮತಿ, ಬೇರೆ ಆಪ್‌ನ ಹಿಡಿತ, ಕೆಟ್ಟ ಡ್ರೈವರ್ ಇವುಗಳಿಂದಲೂ ಅದೇ ಕಪ್ಪು ಚೌಕ ಬರ್ತದೆ. ಇವೆಲ್ಲ ಮನೆಯಲ್ಲೇ, ಸ್ಕ್ರೂ ಡ್ರೈವರ್ ಮುಟ್ಟದೆ ಸರಿಪಡಿಸಬಹುದಾದ ದೋಷಗಳು. ಸುಲಭದ್ದನ್ನು ಮೊದಲು ನೋಡಿ, ಕಷ್ಟದ್ದಕ್ಕೆ ನಂತರ ಹೋಗಬೇಕು. ಈ ಕ್ರಮ ತಪ್ಪಿದರೆ ಹಣ, ಸಮಯ, ಕೆಲವೊಮ್ಮೆ ಒಳಗಿನ ದಾಖಲೆಗಳೂ ಕೈಬಿಟ್ಟು ಹೋಗ್ತವೆ.

ವಯನಾಡಿನವರಿಗೆ ಇದು ಏಕೆ ಮುಖ್ಯ?

ವಯನಾಡು ಜಿಲ್ಲೆಗೆ ರೈಲು ಇಲ್ಲ. ಕಲ್ಪೆಟ್ಟ, ಸುಲ್ತಾನ್ ಬತ್ತೇರಿ, ಮಾನಂತವಾಡಿ ಪಟ್ಟಣಗಳಲ್ಲಿ ಕಂಪ್ಯೂಟರ್ ಅಂಗಡಿಗಳಿವೆ. ಆದರೆ ಬಿಡಿಭಾಗ ಸಿಗದಿದ್ದರೆ, ಇಲ್ಲವೇ ಕಂಪೆನಿಯ ಸರ್ವಿಸ್ ಸೆಂಟರಿಗೇ ಹೋಗಬೇಕೆಂದಾದರೆ ಕೋಝಿಕ್ಕೋಡ್ ಅಥವಾ ಮೈಸೂರಿನ ದಾರಿ ಹಿಡಿಯಬೇಕಾಗಬಹುದು. ಕಲ್ಪೆಟ್ಟದಿಂದ ಕೋಝಿಕ್ಕೋಡ್‌ಗೆ ಸುಮಾರು 75 ಕಿಲೋಮೀಟರ್. ಲಕ್ಕಿಡಿ ದಾಟಿ 9 ಹೇರ್‌ಪಿನ್ ತಿರುವುಗಳ ತಾಮರಶ್ಶೇರಿ ಚುರಂ ಇಳಿಯಬೇಕು. ಮಳೆಗಾಲದಲ್ಲಿ ಮಣ್ಣು ಕುಸಿದರೆ, ಲಾರಿ ಕೆಟ್ಟು ನಿಂತರೆ ಗಂಟೆಗಟ್ಟಲೆ ರಸ್ತೆಯಲ್ಲೇ ಕಾಯಬೇಕು. ಗುಂಡ್ಲುಪೇಟೆ ಮಾರ್ಗವಾಗಿ ಮೈಸೂರಿಗೆ ಹೋಗುವವರಿಗೆ ಬಂಡೀಪುರ ಅರಣ್ಯದಲ್ಲಿ ರಾಷ್ಟ್ರೀಯ ಹೆದ್ದಾರಿ 766ರ ಮೇಲೆ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಸಂಚಾರ ನಿರ್ಬಂಧವಿದೆ.

2020ರ ಜೂನ್ 1ರಂದು ಕೇರಳದಲ್ಲಿ ‘ಫಸ್ಟ್ ಬೆಲ್’ ಆನ್‌ಲೈನ್ ತರಗತಿಗಳು ಆರಂಭವಾದಾಗ ಟಿವಿ ಇದ್ದರೂ ಸಾಕಿತ್ತು. ಈಗ ಹಾಗಲ್ಲ. ಉದ್ಯೋಗದ ಸಂದರ್ಶನ, ಕೋಚಿಂಗ್ ತರಗತಿ, ಡಾಕ್ಟರ ಆನ್‌ಲೈನ್ ಸಲಹೆ, ಮನೆಯಿಂದಲೇ ಮಾಡುವ ಕೆಲಸ ಎಲ್ಲಕ್ಕೂ ಮುಖ ಕಾಣಬೇಕು, ಮಾತು ಕೇಳಬೇಕು. ಬ್ಯಾಂಕ್ ಖಾತೆಗೆ ವೀಡಿಯೊ ಮೂಲಕ ಗುರುತು ಖಚಿತಪಡಿಸುವ ವ್ಯವಸ್ಥೆಗೆ ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ಅನುಮತಿ ಕೊಟ್ಟಿತು. ಅದಕ್ಕೂ ಲೈವ್ ಕ್ಯಾಮೆರಾ ಬೇಕು. ಗಲ್ಫ್‌ನಲ್ಲಿ ಮನೆಯವರಿರುವ ಕುಟುಂಬಗಳ ವಿಷಯ ಬೇರೆ ಹೇಳಬೇಕಾಗಿಲ್ಲ.

ಕ್ಯಾಮೆರಾ ಕೆಲಸ ಮಾಡುವುದು ಹೇಗೆ?

ಪರದೆಯ ಮೇಲಂಚಿನಲ್ಲಿ ಒಂದು ಸಣ್ಣ ಪಟ್ಟಿಯ ಮೇಲೆ ಲೆನ್ಸ್ ಮತ್ತು ಸೆನ್ಸರ್ ಇರ್ತದೆ. ಅನೇಕ ಮಾದರಿಗಳಲ್ಲಿ ಮೈಕ್ ಕೂಡ ಅದರ ಪಕ್ಕದಲ್ಲೇ. ಅಲ್ಲಿಂದ ತೆಳುವಾದ ಕೇಬಲ್ ಪರದೆಯ ಹಿಂದೆ ಇಳಿದು, ಮುಚ್ಚಳದ ಹಿಂಜ್ ಮೂಲಕ ಮದರ್‌ಬೋರ್ಡ್ ಸೇರ್ತದೆ. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಈ ಸಂಪರ್ಕ ಒಳಗಿನಿಂದ ಯುಎಸ್‌ಬಿಯೇ. ಹೊರಗೆ ಪೆನ್‌ಡ್ರೈವ್ ಚುಚ್ಚಿದ ಹಾಗೆ, ಒಳಗೆ ಕ್ಯಾಮೆರಾ ಚುಚ್ಚಿಟ್ಟಿರ್ತಾರೆ ಅಷ್ಟೇ.

ಕ್ಯಾಮೆರಾದ ಚಿತ್ರ ಆಪ್‌ಗೆ ತಲುಪಬೇಕಾದರೆ ಐದು ಬಾಗಿಲು ದಾಟಬೇಕು. ಲೆನ್ಸ್ ತೆರೆದಿರಬೇಕು, ಕೇಬಲ್ ಸರಿ ಇರಬೇಕು, ಡ್ರೈವರ್ ಗುರುತಿಸಬೇಕು, ವಿಂಡೋಸ್ ಅನುಮತಿ ಕೊಡಬೇಕು, ಆಪ್ ಸರಿಯಾದ ಕ್ಯಾಮೆರಾ ಆರಿಸಬೇಕು. ಯಾವ ಬಾಗಿಲು ಮುಚ್ಚಿದೆ ಎಂದು ಕಂಡುಹಿಡಿಯುವುದೇ ಇಲ್ಲಿರುವ ಕೆಲಸ.

ಹಂತ 1: ಮುಚ್ಚಳ ಮತ್ತು ಕೀ

ಮೊದಲು ಲೆನ್ಸ್ ನೋಡಿ. ಈಚಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಲೆನ್ಸ್ ಎದುರು ಅತ್ತಿತ್ತ ಜಾರುವ ಸಣ್ಣ ಪರದೆ ಇದೆ. ಅದು ಕಪ್ಪು ಬಣ್ಣದ್ದಾದರೆ ಕಣ್ಣಿಗೇ ಬೀಳುವುದಿಲ್ಲ. ಮುಚ್ಚಿದಾಗ ಕೆಲವು ಮಾದರಿಗಳಲ್ಲಿ ಲೆನ್ಸ್ ಜಾಗದಲ್ಲಿ ಕೆಂಪು ಅಥವಾ ಬಿಳಿ ಚುಕ್ಕೆ ಕಾಣ್ತದೆ. ಮಕ್ಕಳು ಅಂಟಿಸಿದ ಸ್ಟಿಕ್ಕರ್, ಖಾಸಗಿತನಕ್ಕೆಂದು ಹಾಕಿದ ಟೇಪ್ ಕೂಡ ನೋಡಿ.

ನಂತರ ಕೀಬೋರ್ಡಿನ ಮೇಲಿನ ಸಾಲು. ಎಫ್ 1ರಿಂದ ಎಫ್ 12ರ ತನಕದ ಕೀಗಳಲ್ಲಿ ಒಂದರ ಮೇಲೆ ಕ್ಯಾಮೆರಾ ಚಿತ್ರ, ಇನ್ನೊಂದರ ಮೇಲೆ ಮೈಕ್ ಚಿತ್ರ ಇರಬಹುದು. ಚಿತ್ರದ ಮೇಲೆ ಅಡ್ಡಗೆರೆ ಎಳೆದಿದ್ದರೆ ಅದು ಬಂದ್ ಮಾಡುವ ಕೀ. ಕೆಲವು ಕೀಗಳಲ್ಲಿ ಸಣ್ಣ ಬೆಳಕು ಉರಿಯುತ್ತದೆ. ಉರಿಯುತ್ತಿದ್ದರೆ ಕ್ಯಾಮೆರಾ ಅಥವಾ ಮೈಕ್ ಬಂದ್ ಎಂದರ್ಥ. ಒಮ್ಮೆ ಒತ್ತಿ ನೋಡಿ. ಆಗದಿದ್ದರೆ ಎಡ ಮೂಲೆಯ ‘ಎಫ್‌ಎನ್’ ಕೀ ಹಿಡಿದುಕೊಂಡು ಒತ್ತಿ. ಕೆಲವು ಮಾದರಿಗಳಲ್ಲಿ ಯಂತ್ರದ ಬದಿಯಲ್ಲೇ ಜಾರುವ ಸ್ವಿಚ್ ಇರ್ತದೆ. ಅದನ್ನು ಆಫ್ ಮಾಡಿದರೆ ಕ್ಯಾಮೆರಾಗೆ ಹೋಗುವ ವಿದ್ಯುತ್ತೇ ನಿಲ್ಲುತ್ತದೆ, ವಿಂಡೋಸ್‌ಗೆ ಕ್ಯಾಮೆರಾ ಇದೆ ಎಂಬುದೇ ಗೊತ್ತಾಗುವುದಿಲ್ಲ.

ಹಂತ 2: ಸರಿಯಾದ ರೀತಿಯಲ್ಲಿ ರೀಸ್ಟಾರ್ಟ್

‘ಆಫ್ ಮಾಡಿ ಆನ್ ಮಾಡಿದ್ದೇನೆ, ಆಗ್ಲಿಲ್ಲ’ ಎನ್ನುವವರು ಒಂದು ವಿಷಯ ಗಮನಿಸಬೇಕು. ವಿಂಡೋಸ್ 10 ಮತ್ತು 11ರಲ್ಲಿ ‘ಶಟ್ ಡೌನ್’ ಕೊಟ್ಟರೆ, ಬೇಗ ಆನ್ ಆಗಲಿ ಎಂದು ವ್ಯವಸ್ಥೆಯ ಒಂದು ಭಾಗವನ್ನು ಉಳಿಸಿಟ್ಟುಕೊಳ್ಳುವುದುಂಟು. ಗೊಂದಲದಲ್ಲಿರುವ ಡ್ರೈವರ್ ಹಾಗೆಯೇ ಎದ್ದು ಬರಬಹುದು. ‘ರೀಸ್ಟಾರ್ಟ್’ ಕೊಟ್ಟರೆ ಮಾತ್ರ ಎಲ್ಲವೂ ಹೊಸದಾಗಿ ಆರಂಭವಾಗ್ತದೆ. ಆದ್ದರಿಂದ ರೀಸ್ಟಾರ್ಟೇ ಕೊಡಿ.

ಅದಕ್ಕೂ ಬಗ್ಗದಿದ್ದರೆ ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆದು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಬಿಟ್ಟು, ಚಾರ್ಜರ್ ಹಾಕಿ ಆನ್ ಮಾಡಿ. ಒಳಗೆ ಉಳಿದ ವಿದ್ಯುತ್ ಹೋದಾಗ ಕ್ಯಾಮೆರಾ ಮತ್ತೆ ಕಾಣಿಸಿಕೊಳ್ಳುವುದುಂಟು.

ಹಂತ 3: ಒಂದೇ ಆಪ್‌ನಲ್ಲಿ ಪರೀಕ್ಷೆ

ಝೂಮ್‌ನಲ್ಲಿ ಕಾಣದಿದ್ದರೆ ಕ್ಯಾಮೆರಾ ಹಾಳಾಗಿದೆ ಅಂತ ಅಲ್ಲ. ಎಲ್ಲ ಆಪ್ ಮುಚ್ಚಿ, ಸ್ಟಾರ್ಟ್ ಮೆನುವಿನಲ್ಲಿ ‘ಕ್ಯಾಮೆರಾ’ ಎಂದು ಹುಡುಕಿ, ವಿಂಡೋಸ್‌ನದೇ ಆಪ್ ತೆರೆಯಿರಿ. ಅಲ್ಲಿ ಮುಖ ಕಂಡರೆ ಕ್ಯಾಮೆರಾ, ಕೇಬಲ್, ಡ್ರೈವರ್ ಮೂರೂ ಸರಿ ಇವೆ. ದೋಷ ಇರುವುದು ಝೂಮ್ ಅಥವಾ ಬ್ರೌಸರ್‌ನಲ್ಲಿ.

ಕಾಣದಿದ್ದರೆ ಪರದೆಯ ಮೇಲೆ ಬರುವ ಸಂಕೇತದ ಕೊನೆಯ ನಾಲ್ಕು ಅಂಕಿ ಬರೆದಿಟ್ಟುಕೊಳ್ಳಿ.

* 4243: ಬೇರೊಂದು ಆಪ್ ಕ್ಯಾಮೆರಾ ಹಿಡಿದುಕೊಂಡಿದೆ. ಮುಚ್ಚಿದೆ ಎಂದುಕೊಂಡ ಟೀಮ್ಸ್, ಝೂಮ್, ಬ್ರೌಸರ್ ಹಿನ್ನೆಲೆಯಲ್ಲಿ ಓಡುತ್ತಿರಬಹುದು. ಟಾಸ್ಕ್ ಮ್ಯಾನೇಜರ್‌ನಲ್ಲಿ ಮುಚ್ಚಿ.
* 4244: ವಿಂಡೋಸ್‌ಗೆ ಕ್ಯಾಮೆರಾವೇ ಸಿಗುತ್ತಿಲ್ಲ. ಬದಿಯ ಸ್ವಿಚ್, ಡ್ರೈವರ್, ಆಂಟಿವೈರಸ್, ಕೊನೆಗೆ ಕೇಬಲ್ ಎಂಬ ಕ್ರಮದಲ್ಲಿ ನೋಡಬೇಕು.

ಸಂಕೇತ ಏನೂ ಇಲ್ಲದೆ, ಲೆನ್ಸ್ ಪಕ್ಕದ ಬೆಳಕು ಉರಿಯುತ್ತಾ ಚಿತ್ರ ಮಾತ್ರ ಪೂರ್ತಿ ಕಪ್ಪು ಇದ್ದರೆ ಮೊದಲ ಅನುಮಾನ ಜಾರುವ ಪರದೆಯ ಮೇಲೆ. ಮುಖ ನೋಡಿ ಲಾಕ್ ತೆರೆಯುವ ಲ್ಯಾಪ್‌ಟಾಪ್‌ಗಳಲ್ಲಿ ಎರಡನೇ ಕ್ಯಾಮೆರಾ, ಅಂದರೆ ಇನ್‌ಫ್ರಾರೆಡ್ ಕ್ಯಾಮೆರಾ ಕೂಡ ಇರ್ತದೆ. ಆಪ್ ತಪ್ಪಿ ಅದನ್ನು ಆರಿಸಿಕೊಂಡರೆ ಚಿತ್ರ ಬರುವುದಿಲ್ಲ, ಅಥವಾ ಬೂದಿ ಬಣ್ಣದಲ್ಲಿ ಬರ್ತದೆ. ಆಪ್‌ನ ವೀಡಿಯೊ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ ಬದಲಿಸಿ ನೋಡಿ.

ಹಂತ 4: ಅನುಮತಿ

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು, ‘ಪ್ರೈವೆಸಿ ಆಂಡ್ ಸೆಕ್ಯುರಿಟಿ’, ಅದರ ಕೆಳಗೆ ‘ಕ್ಯಾಮೆರಾ’ಕ್ಕೆ ಹೋಗಿ. ವಿಂಡೋಸ್ 10ರಲ್ಲಿ ಸೆಟ್ಟಿಂಗ್ಸ್, ‘ಪ್ರೈವೆಸಿ’, ‘ಕ್ಯಾಮೆರಾ’. ಅಲ್ಲಿ ಮೂರು ಸ್ವಿಚ್‌ಗಳಿವೆ. ಒಂದು ಇಡೀ ಯಂತ್ರಕ್ಕೆ, ಎರಡನೆಯದ್ದು ಆಪ್‌ಗಳಿಗೆ, ಮೂರನೆಯದ್ದು ‘ಡೆಸ್ಕ್‌ಟಾಪ್ ಆಪ್ಸ್’ಗೆ. ಹೆಚ್ಚಿನವರು ಎಡವುವುದು ಮೂರನೆಯದರಲ್ಲೇ. ಝೂಮ್, ಕ್ರೋಮ್, ಫೈರ್‌ಫಾಕ್ಸ್‌ನಂಥವು ಸಾಮಾನ್ಯವಾಗಿ ಈ ಗುಂಪಿಗೆ ಸೇರ್ತವೆ. ಮೂರೂ ಆನ್ ಇರಬೇಕು.

ಬ್ರೌಸರ್‌ನಲ್ಲೇ ಮೀಟಿಂಗ್ ಸೇರುವವರು ವಿಳಾಸ ಪಟ್ಟಿಯ ಎಡಭಾಗದ ಗುರುತು ಒತ್ತಿ. ಆ ವೆಬ್‌ಸೈಟಿಗೆ ಕ್ಯಾಮೆರಾ, ಮೈಕ್ ‘ಅಲೋ’ ಆಗಿದೆಯೇ ನೋಡಿ. ಮೊದಲ ಸಲ ಕೇಳಿದಾಗ ಗಡಿಬಿಡಿಯಲ್ಲಿ ‘ಬ್ಲಾಕ್’ ಒತ್ತಿದ್ದರೆ ಬ್ರೌಸರ್ ಅದನ್ನೇ ನೆನಪಿಟ್ಟುಕೊಳ್ತದೆ, ಮತ್ತೆ ಕೇಳುವುದಿಲ್ಲ.

ಆ್ಯಪಲ್ ಮ್ಯಾಕ್‌ಬುಕ್ ಇರುವವರಿಗೆ ಸಿಸ್ಟಮ್ ಸೆಟ್ಟಿಂಗ್ಸ್‌ನ ‘ಪ್ರೈವೆಸಿ ಆಂಡ್ ಸೆಕ್ಯುರಿಟಿ’ಯಲ್ಲಿ ಪ್ರತಿ ಆಪ್‌ಗೂ ಬೇರೆ ಬೇರೆ ಸ್ವಿಚ್ ಇದೆ. ಬದಲಿಸಿದ ಮೇಲೆ ಆ ಆಪ್ ಮುಚ್ಚಿ ತೆರೆಯಬೇಕು. ಮ್ಯಾಕ್‌ಬುಕ್ ಕ್ಯಾಮೆರಾಗೆ ದಪ್ಪ ಮುಚ್ಚಳ ಅಂಟಿಸಿ ಲ್ಯಾಪ್‌ಟಾಪ್ ಮಡಚಿದರೆ ಪರದೆಯೇ ಒಡೆಯಬಹುದು, 0.1 ಮಿಲಿಮೀಟರ್‌ಗಿಂತ ದಪ್ಪ ಇರಬಾರದು ಎಂದು ಕಂಪೆನಿಯೇ 2020ರಲ್ಲಿ ಎಚ್ಚರಿಸಿತ್ತು.

ಕ್ಯಾಸ್ಪರ್‌ಸ್ಕಿ, ಬಿಟ್‌ಡಿಫೆಂಡರ್‌ನಂಥ ಆಂಟಿವೈರಸ್‌ಗಳಲ್ಲಿ ವೆಬ್‌ಕ್ಯಾಮ್ ರಕ್ಷಣೆ ಎಂಬ ಪ್ರತ್ಯೇಕ ವ್ಯವಸ್ಥೆ ಇದೆ. ಅದರ ಪಟ್ಟಿಯಲ್ಲಿ ನಿಮ್ಮ ಆಪ್‌ಗೆ ತಡೆ ಇದೆಯೇ ಎಂದೂ ನೋಡಬೇಕು. ಕಚೇರಿ ಅಥವಾ ಕಾಲೇಜು ಕೊಟ್ಟ ಲ್ಯಾಪ್‌ಟಾಪ್‌ನಲ್ಲಿ ಈ ಸ್ವಿಚ್‌ಗಳು ಮಂಕಾಗಿ, ಒತ್ತಲು ಆಗದಂತೆ ಇದ್ದರೆ ಅದು ಅಲ್ಲಿನ ನಿರ್ವಾಹಕರು ಹಾಕಿದ ಬೀಗ. ಅವರನ್ನೇ ಕೇಳಬೇಕು.

ಹಂತ 5: ಡ್ರೈವರ್

ವಿಂಡೋಸ್ ಮತ್ತು ಕ್ಯಾಮೆರಾ ನಡುವಿನ ದುಭಾಷಿಯೇ ಡ್ರೈವರ್. ದೊಡ್ಡ ಅಪ್‌ಡೇಟ್ ಆದ ಮರುದಿನ ಕ್ಯಾಮೆರಾ ನಿಂತರೆ ಅನುಮಾನ ಇದರ ಮೇಲೆಯೇ.

ಸ್ಟಾರ್ಟ್ ಬಟನ್ ಮೇಲೆ ಬಲ ಕ್ಲಿಕ್ ಮಾಡಿ ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ‘ಕ್ಯಾಮೆರಾಸ್’ ಅಥವಾ ‘ಇಮೇಜಿಂಗ್ ಡಿವೈಸಸ್’ ಕೆಳಗೆ ಹೆಸರು ಇದೆಯೇ ನೋಡಿ.

ಹೆಸರಿನ ಮೇಲೆ ಕೆಳಮುಖ ಬಾಣ ಇದ್ದರೆ ಯಾರೋ ಅದನ್ನು ನಿಷ್ಕ್ರಿಯ ಮಾಡಿದ್ದಾರೆ. ಬಲ ಕ್ಲಿಕ್ ಮಾಡಿ ‘ಎನೇಬಲ್’ ಕೊಡಿ, ಮುಗೀತು. ಹಳದಿ ತ್ರಿಕೋನ ಇದ್ದರೆ ಡ್ರೈವರ್ ದೋಷ. ಆಗ ‘ಪ್ರಾಪರ್ಟೀಸ್’ನ ಡ್ರೈವರ್ ಪುಟದಲ್ಲಿ ‘ರೋಲ್ ಬ್ಯಾಕ್’ ಒತ್ತಲು ಆಗುತ್ತದೆಯೇ ನೋಡಿ. ಹಿಂದಿನ ಡ್ರೈವರ್‌ಗೆ ಮರಳಬಹುದು. ಇಲ್ಲವಾದರೆ ‘ಅನ್‌ಇನ್‌ಸ್ಟಾಲ್’ ಮಾಡಿ, ಮೇಲಿನ ‘ಆ್ಯಕ್ಷನ್’ ಮೆನುವಿನಿಂದ ‘ಸ್ಕ್ಯಾನ್ ಫಾರ್ ಹಾರ್ಡ್‌ವೇರ್ ಚೇಂಜಸ್’ ಕೊಡಿ. ವಿಂಡೋಸ್ ಮತ್ತೆ ಹುಡುಕಿ ಕೂರಿಸ್ತದೆ.

ಇನ್ನೊಂದು ಉಪಾಯವೂ ಇದೆ. ಯುಎಸ್‌ಬಿ ಸಂಪರ್ಕದ ಕ್ಯಾಮೆರಾಗಳಿಗಾಗಿ ವಿಂಡೋಸ್‌ನಲ್ಲೇ ಸಾಮಾನ್ಯ ಡ್ರೈವರ್ ಇದೆ. ‘ಅಪ್‌ಡೇಟ್ ಡ್ರೈವರ್’ ಕೊಟ್ಟು, ಕಂಪ್ಯೂಟರ್‌ನಲ್ಲಿರುವ ಪಟ್ಟಿಯಿಂದ ಆರಿಸುವ ದಾರಿ ಹಿಡಿದು, ‘ಯುಎಸ್‌ಬಿ ವೀಡಿಯೊ ಡಿವೈಸ್’ ಆರಿಸಿ. ಕಂಪೆನಿಯ ಡ್ರೈವರ್ ಕೈಕೊಟ್ಟಾಗ ಇದು ಕೆಲಸ ಮಾಡುವುದುಂಟು.

ಡ್ರೈವರ್ ಬೇಕಾದರೆ ಲ್ಯಾಪ್‌ಟಾಪ್ ಕಂಪೆನಿಯ ಸ್ವಂತ ವೆಬ್‌ಸೈಟಿನಿಂದ, ಯಂತ್ರದ ಅಡಿಯಲ್ಲಿರುವ ಸೀರಿಯಲ್ ನಂಬರ್ ಹಾಕಿ ಇಳಿಸಿಕೊಳ್ಳಿ. ‘ಎಲ್ಲ ಡ್ರೈವರ್ ಒಂದೇ ಕ್ಲಿಕ್ಕಿಗೆ’ ಎನ್ನುವ ತಂತ್ರಾಂಶಗಳ ಸಹವಾಸ ಬೇಡ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ. ಹಳೆಯ ಯಂತ್ರದಲ್ಲಿ ಕ್ಯಾಮೆರಾ ಓಡಬಹುದು, ಆದರೆ ಭದ್ರತೆಯ ದೃಷ್ಟಿಯಿಂದ ಮುಂದಿನ ದಾರಿ ಯೋಚಿಸುವುದು ಒಳ್ಳೆಯದು.

ಮೈಕ್ ಕೇಳದಿದ್ದರೆ?

‘ಹಲೋ, ಕೇಳ್ತದಾ?’ ಎಂಬ ಪ್ರಶ್ನೆಗೆ ಉತ್ತರ ಬಾರದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ‘ಸಿಸ್ಟಮ್’, ‘ಸೌಂಡ್’, ‘ಇನ್‌ಪುಟ್’ ತೆರೆದು ಮಾತಾಡಿ. ಅಲ್ಲಿನ ಪಟ್ಟಿ ಏರಿಳಿದರೆ ಮೈಕ್ ಸರಿ ಇದೆ, ಆಪ್‌ನಲ್ಲಿ ಬೇರೆ ಮೈಕ್ ಆಯ್ಕೆಯಾಗಿದೆ. ಪಕ್ಕದ ಕೋಣೆಯಲ್ಲಿಟ್ಟ ಬ್ಲೂಟೂತ್ ಇಯರ್‌ಫೋನ್ ತಾನಾಗಿಯೇ ಜೋಡಿಸಿಕೊಂಡು, ಮಾತೆಲ್ಲ ಅಲ್ಲಿಂದಲೇ ಹಿಡಿಯಲು ನೋಡುವುದು ಸಾಮಾನ್ಯ. ಬ್ಲೂಟೂತ್ ಬಂದ್ ಮಾಡಿ ನೋಡಿ. ಜಾಕ್‌ಗೆ ಚುಚ್ಚಿದ ಇಯರ್‌ಫೋನ್ ತೆಗೆದು ನೋಡಿ.

ಪಟ್ಟಿ ಅಲುಗಾಡದಿದ್ದರೆ ಮೈಕ್ ಕೀ, ನಂತರ ಪ್ರೈವೆಸಿಯಲ್ಲಿ ‘ಮೈಕ್ರೊಫೋನ್’ ಅನುಮತಿ ನೋಡಿ. ಕ್ಯಾಮೆರಾಗೆ ಅನುಮತಿ ಕೊಟ್ಟರೆ ಮೈಕ್‌ಗೂ ಕೊಟ್ಟಂತೆ ಆಗುವುದಿಲ್ಲ, ಎರಡೂ ಬೇರೆ.

ಮಾತಿನ ಹಿಂದೆ ‘ಗುಂಯ್’ ಎಂಬ ಸದ್ದು ಬಂದರೆ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಮಾತಾಡಿ. ಸದ್ದು ನಿಂತರೆ ದೋಷ ಮೈಕ್‌ನದ್ದಲ್ಲ, ಚಾರ್ಜರ್ ಅಥವಾ ಮನೆಯ ಅರ್ಥಿಂಗ್‌ನದ್ದು. ಇದನ್ನು ನಿರ್ಲಕ್ಷ್ಯ ಮಾಡಬಾರದು, ಎಲೆಕ್ಟ್ರಿಷಿಯನ್‌ಗೆ ತೋರಿಸಬೇಕು. ಲೆನ್ಸ್ ಪಕ್ಕದ ಸೂಜಿಮೊನೆಯಷ್ಟು ತೂತೇ ಮೈಕ್. ಅದಕ್ಕೆ ಪಿನ್ ಚುಚ್ಚಿ ‘ಕ್ಲೀನ್’ ಮಾಡಲು ಹೋದರೆ ಒಳಗಿನ ಪದರ ಹರಿದು ನಿಜವಾಗಿಯೂ ಹಾಳಾಗ್ತದೆ.

ಶಾಲೆಯ ಲಿನಕ್ಸ್ ಲ್ಯಾಪ್‌ಟಾಪ್

ಕೇರಳದ ಸರಕಾರಿ, ಅನುದಾನಿತ ಶಾಲೆಗಳ ಲ್ಯಾಪ್‌ಟಾಪ್‌ಗಳಲ್ಲಿ ಕೈಟ್ ಸಂಸ್ಥೆ ಸಿದ್ಧಪಡಿಸಿದ, ಉಬುಂಟು ಆಧಾರಿತ ಲಿನಕ್ಸ್ ಇರ್ತದೆ. ಅದರಲ್ಲಿ ಪರೀಕ್ಷೆಗೆ ‘ಚೀಸ್’ ಎಂಬ ಆಪ್ ಸಾಕು. ಅದರಲ್ಲಿ ಚಿತ್ರ ಬಾರದಿದ್ದರೆ ಟರ್ಮಿನಲ್ ತೆರೆದು ಎಲ್, ಎಸ್, ಯು, ಎಸ್, ಬಿ ಎಂಬ ಐದು ಇಂಗ್ಲಿಷ್ ಸಣ್ಣಕ್ಷರಗಳನ್ನು ಜಾಗ ಬಿಡದೆ ಬರೆದು ಎಂಟರ್ ಒತ್ತಿ. ಯುಎಸ್‌ಬಿಗೆ ಜೋಡಿಸಿದ ಎಲ್ಲದರ ಪಟ್ಟಿ ಬರ್ತದೆ. ಅದರಲ್ಲಿ ಕ್ಯಾಮೆರಾ ಹೆಸರಿದ್ದರೆ ಕೇಬಲ್ ಜೀವಂತ, ದೋಷ ತಂತ್ರಾಂಶದಲ್ಲಿ. ಶಾಲೆಯ ಯಂತ್ರವನ್ನು ಹೊರಗಿನ ಅಂಗಡಿಯಲ್ಲಿ ಬಿಚ್ಚಿಸಬಾರದು, ಶಾಲೆಯ ಐಟಿ ಜವಾಬ್ದಾರಿ ಹೊತ್ತ ಶಿಕ್ಷಕರಿಗೆ ಒಪ್ಪಿಸಬೇಕು.

ಮಳೆ, ಮಂಜು, ತೇವ

ವಯನಾಡಿನ ಹೆಚ್ಚಿನ ಭಾಗ ಸಮುದ್ರಮಟ್ಟದಿಂದ 700 ಮೀಟರ್‌ಗಿಂತ ಎತ್ತರದಲ್ಲಿದೆ. ಲಕ್ಕಿಡಿ ಕೇರಳದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲೊಂದು. ವೈತ್ತಿರಿ, ಮೇಪ್ಪಾಡಿ ಕಡೆ ಜೂನ್‌ನಿಂದ ತಿಂಗಳುಗಟ್ಟಲೆ ಗೋಡೆ, ಬಟ್ಟೆ, ಪುಸ್ತಕ ಎಲ್ಲದಕ್ಕೂ ಬೂಷ್ಟು ಹಿಡಿಯುವುದು ಎಲ್ಲರಿಗೂ ಗೊತ್ತು. ಲ್ಯಾಪ್‌ಟಾಪ್ ಕೂಡ ಅದೇ ಮನೆಯಲ್ಲಿ ಇರ್ತದೆ.

ಚಿತ್ರ ಕಪ್ಪಾಗದೆ, ಹಾಲು ಚೆಲ್ಲಿದ ಹಾಗೆ ಮಂಜಾಗಿ ಕಂಡರೆ ಅದು ತೇವ. ಮೊದಲು ಮೆತ್ತನೆಯ ಒಣ ಬಟ್ಟೆಯಿಂದ ಲೆನ್ಸ್ ಒರೆಸಿ. ಹೋಗದಿದ್ದರೆ ಮಂಜು ಗಾಜಿನ ಒಳಗಿದೆ. ಯಂತ್ರ ಆಫ್ ಮಾಡಿ, ಒಣಗಿದ ಕೋಣೆಯಲ್ಲಿ ಅರ್ಧ ತೆರೆದಿಟ್ಟು ಒಂದು ದಿನ ಬಿಡಿ. ನಂತರ ಬ್ಯಾಗಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ಬಿಸಿಲಿಗೆ ಇಡುವುದು, ಹೇರ್ ಡ್ರೈಯರ್ ಹಿಡಿಯುವುದು, ಒಲೆಯ ಹತ್ತಿರ ಇಡುವುದು ಬೇಡ. ಪರದೆಯ ಪದರ, ಅಂಟು ಹಾಳಾಗ್ತದೆ. ಅಕ್ಕಿಯಲ್ಲಿ ಹೂತಿಡುವುದರಿಂದ ಪ್ರಯೋಜನಕ್ಕಿಂತ ಧೂಳೇ ಹೆಚ್ಚು.

ತೇವದಿಂದ ಕೇಬಲ್ ತುದಿಯ ಲೋಹಕ್ಕೆ ಕಿಲುಬು ಹಿಡಿದರೆ ಕ್ಯಾಮೆರಾ ಒಮ್ಮೆ ಬರ್ತದೆ, ಒಮ್ಮೆ ಹೋಗ್ತದೆ. ಲ್ಯಾಪ್‌ಟಾಪನ್ನು ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿ ಮುಚ್ಚಿಡುವುದಕ್ಕಿಂತ ದಿನಾ ಸ್ವಲ್ಪ ಹೊತ್ತು ಓಡಿಸುವುದೇ ಒಳ್ಳೆಯದು, ಒಳಗಿನ ಬಿಸಿ ತೇವವನ್ನು ಓಡಿಸ್ತದೆ. ಗುಡುಗು ಮಿಂಚಿನ ವೇಳೆ ಚಾರ್ಜರ್ ಗೋಡೆಯಿಂದ ತೆಗೆದಿಡಿ. ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು.

ನಿಜವಾಗಿಯೂ ಯಂತ್ರದ ದೋಷವೇ?

ಇದನ್ನು ತಿಳಿಯಲು ಎರಡು ಪರೀಕ್ಷೆಗಳಿವೆ. ಮೊದಲನೆಯದು ಹಿಂಜ್ ಪರೀಕ್ಷೆ. ಕ್ಯಾಮೆರಾ ಆಪ್ ತೆರೆದಿಟ್ಟು ಪರದೆಯನ್ನು ನಿಧಾನವಾಗಿ ಹಿಂದೆ ಮುಂದೆ ಬಾಗಿಸಿ. ಒಂದು ಕೋನದಲ್ಲಿ ಚಿತ್ರ ಬಂದು ಇನ್ನೊಂದರಲ್ಲಿ ಹೋದರೆ ಹಿಂಜ್ ಒಳಗಿನ ಕೇಬಲ್ ಸವೆದಿದೆ ಅಥವಾ ಸಡಿಲವಾಗಿದೆ. ಇದಕ್ಕೆ ಡ್ರೈವರ್ ಬದಲಿಸಿ ಉಪಯೋಗ ಇಲ್ಲ.

ಎರಡನೆಯದು ಪೆನ್‌ಡ್ರೈವ್ ಪರೀಕ್ಷೆ. ಉಬುಂಟು ತುಂಬಿದ ಪೆನ್‌ಡ್ರೈವ್‌ನಿಂದ ಲ್ಯಾಪ್‌ಟಾಪ್ ಆರಂಭಿಸಿ, ಇನ್‌ಸ್ಟಾಲ್ ಮಾಡದೆ ‘ಟ್ರೈ’ ಆಯ್ಕೆಯಲ್ಲಿ ಕ್ಯಾಮೆರಾ ನೋಡುವುದು. ಅಲ್ಲಿ ಬಂದರೆ ದೋಷ ವಿಂಡೋಸ್‌ನದ್ದು, ಯಂತ್ರದ್ದಲ್ಲ. ಆದರೆ ತೀರಾ ಹೊಸ ಕೆಲವು ಮಾದರಿಗಳಲ್ಲಿ ಕ್ಯಾಮೆರಾ ಯುಎಸ್‌ಬಿ ಮೂಲಕ ಇರುವುದಿಲ್ಲ, ಅವುಗಳಲ್ಲಿ ಲಿನಕ್ಸ್‌ಗೆ ಕಾಣದಿದ್ದರೂ ಯಂತ್ರ ಸರಿ ಇರಬಹುದು.

ಈ ಪರೀಕ್ಷೆಗೆ ಮೊದಲು ಒಂದು ಎಚ್ಚರಿಕೆ. ಅನೇಕ ವಿಂಡೋಸ್ 11 ಯಂತ್ರಗಳಲ್ಲಿ ಬಿಟ್‌ಲಾಕರ್ ಎಂಬ ಬೀಗ ಮಾಲಕರಿಗೆ ತಿಳಿಯದೆಯೇ ಹಾಕಿರ್ತದೆ. ಬಯಾಸ್ ಸೆಟ್ಟಿಂಗ್ ಬದಲಿಸಿದರೆ ಅಥವಾ ಮದರ್‌ಬೋರ್ಡ್ ಬದಲಿಸಿದರೆ ಅದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಕೀ ಇಲ್ಲದಿದ್ದರೆ ಫೋಟೊ, ಪ್ರಾಜೆಕ್ಟ್, ಪ್ರಮಾಣಪತ್ರ ಎಲ್ಲವೂ ಒಳಗೇ ಉಳಿದುಹೋಗ್ತವೆ. ಮೊದಲೇ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಆ ಕೀ ಬರೆದಿಟ್ಟುಕೊಳ್ಳಬೇಕು.

ಗಲ್ಫ್ ಕರೆ ಬಾರದಿದ್ದರೆ ಕ್ಯಾಮೆರಾ ದೂರಬೇಡಿ

ಯುಎಇಯಲ್ಲಿ ವಾಟ್ಸ್ಆ್ಯಪ್ ಧ್ವನಿ ಮತ್ತು ವೀಡಿಯೊ ಕರೆಗಳಿಗೆ ಬಹುಕಾಲದಿಂದ ನಿರ್ಬಂಧವಿದೆ. ಸಂದೇಶ ಹೋಗ್ತದೆ, ಕರೆ ಮಾತ್ರ ‘ಕನೆಕ್ಟಿಂಗ್’ ಎನ್ನುತ್ತಾ ನಿಲ್ತದೆ. ಇದನ್ನೇ ಲ್ಯಾಪ್‌ಟಾಪ್ ದೋಷ ಎಂದು ತಿಳಿದು ಸೆಟ್ಟಿಂಗ್ಸ್ ಕೆಡಿಸಿಕೊಂಡವರಿದ್ದಾರೆ. ಅಲ್ಲಿ ಅನುಮತಿ ಇರುವ ಬೋಟಿಮ್, ಟೀಮ್ಸ್, ಝೂಮ್‌ನಂಥ ಆಪ್‌ನಲ್ಲಿ ಕರೆ ಮಾಡಿ ನೋಡಿದರೆ ವಿಷಯ ಗೊತ್ತಾಗ್ತದೆ.

ಆ ಕ್ಷಣಕ್ಕೆ ಏನು ಮಾಡುವುದು?

ಇಂಟರ್‌ವ್ಯೂಗೆ ಹತ್ತು ನಿಮಿಷ ಇರುವಾಗ ಡ್ರೈವರ್ ಹುಡುಕುತ್ತಾ ಕೂರಬಾರದು. ಅದೇ ಲಿಂಕನ್ನು ಮೊಬೈಲ್‌ನಲ್ಲಿ ತೆರೆದು, ಪುಸ್ತಕಕ್ಕೆ ಒರಗಿಸಿಟ್ಟು ಸೇರಿಕೊಳ್ಳಿ. ಲ್ಯಾಪ್‌ಟಾಪ್ ಕೂಡ ಬೇಕಾದರೆ ಅದರ ಮೈಕ್, ಸ್ಪೀಕರ್ ಎರಡೂ ಬಂದ್ ಮಾಡಿ. ಇಲ್ಲದಿದ್ದರೆ ಪ್ರತಿಧ್ವನಿ ಬರ್ತದೆ. ಯುಎಸ್‌ಬಿ ವೆಬ್‌ಕ್ಯಾಮ್ ಒಂದಿದ್ದರೆ ಚುಚ್ಚಿದ ಕೂಡಲೇ ಕೆಲಸ ಮಾಡ್ತದೆ. ವಾರಂಟಿ ಮುಗಿದ ಹಳೆಯ ಯಂತ್ರಕ್ಕೆ, ಪರದೆ ಬಿಚ್ಚಿಸುವ ಬದಲು ಇದೇ ಶಾಶ್ವತ ಪರಿಹಾರವೂ ಆಗಬಹುದು. ಆನ್‌ಲೈನ್ ಪರೀಕ್ಷೆ ಬರೆಯುವವರು ಮಾತ್ರ ಹೊರಗಿನ ಕ್ಯಾಮೆರಾಗೆ ಅನುಮತಿ ಇದೆಯೇ ಎಂದು ಮೊದಲೇ ನಿಯಮ ಓದಿಕೊಳ್ಳಬೇಕು. ಹಿಂದಿನ ದಿನವೇ ಒಮ್ಮೆ ಪರೀಕ್ಷಿಸಿ ನೋಡುವುದು ಎಲ್ಲಕ್ಕಿಂತ ಉತ್ತಮ.

ಅಂಗಡಿಗೆ ಕೊಡುವ ಮೊದಲು

ಮನೆಯಲ್ಲಿ ಎಲ್ಲ ಹಂತ ಮುಗಿದರೂ ಸರಿಯಾಗದಿದ್ದರೆ ತಂತ್ರಜ್ಞರೇ ಬೇಕು. ಅದಕ್ಕೆ ಮೊದಲು:

* ಮುಖ್ಯ ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ನಕಲು ಮಾಡಿ. ದಾಖಲೆ ಒಂದೇ ಕಡೆ ಇದ್ದರೆ ಏನಾಗ್ತದೆ ಎಂಬುದು 2024ರ ಜುಲೈ 30ರ ಮುಂಡಕ್ಕೈ, ಚೂರಲ್‌ಮಲ ದುರಂತದ ನಂತರ ಈ ಜಿಲ್ಲೆಗೆ ವಿವರಿಸಬೇಕಾಗಿಲ್ಲ.
* ಬಿಲ್ ಮತ್ತು ಸೀರಿಯಲ್ ನಂಬರ್ ಫೋಟೊ ಇಟ್ಟುಕೊಳ್ಳಿ. ವಾರಂಟಿ ಇರುವಾಗ ಹೊರಗಿನವರಿಂದ ಬಿಚ್ಚಿಸಬೇಡಿ.
* ಗಲ್ಫ್‌ನಿಂದ ತಂದ ಲ್ಯಾಪ್‌ಟಾಪ್‌ನ ವಾರಂಟಿ ಆ ದೇಶಕ್ಕೆ ಮಾತ್ರ ಸೀಮಿತವಾಗಿರಬಹುದು. ಕಂಪೆನಿಯ ವೆಬ್‌ಸೈಟಿನಲ್ಲಿ ಸೀರಿಯಲ್ ನಂಬರ್ ಹಾಕಿ ಮೊದಲೇ ನೋಡಿ.
* ಮಾಡಿದ ಪರೀಕ್ಷೆಗಳನ್ನು ಚೀಟಿಯಲ್ಲಿ ಬರೆದು ಕೊಡಿ. ‘ಪೆನ್‌ಡ್ರೈವ್ ಪರೀಕ್ಷೆಯಲ್ಲೂ ಬರ್ತಿಲ್ಲ, ಹಿಂಜ್ ಬಾಗಿಸಿದರೆ ಬರ್ತದೆ’ ಎಂದು ಹೇಳುವ ಗಿರಾಕಿಗೆ ಮದರ್‌ಬೋರ್ಡ್ ಬದಲಿಸಬೇಕು ಎಂದು ಹೇಳುವುದು ಕಷ್ಟ.
* ಬದಲಿಸಿದ ಹಳೆಯ ಭಾಗವನ್ನು ಮತ್ತು ರಶೀದಿಯನ್ನು ಕೇಳಿ ಪಡೆಯಿರಿ.

ಗೂಗಲ್‌ನಲ್ಲಿ ‘ಕಸ್ಟಮರ್ ಕೇರ್ ನಂಬರ್’ ಹುಡುಕಿ ಸಿಕ್ಕ ನಂಬರಿಗೆ ಕರೆ ಮಾಡುವುದು ಅಪಾಯ. ದೂರದಿಂದಲೇ ಸರಿ ಮಾಡ್ತೇವೆ ಎಂದು ಯಂತ್ರದ ಹಿಡಿತ ಪಡೆಯುವ ಆಪ್ ಹಾಕಿಸಿ ಬ್ಯಾಂಕ್ ಖಾತೆ ಖಾಲಿ ಮಾಡುವ ವಂಚಕರಿದ್ದಾರೆ. ನಂಬರ್ ಬಿಲ್‌ನಲ್ಲಿ ಅಥವಾ ಕಂಪೆನಿಯ ವೆಬ್‌ಸೈಟಿನಲ್ಲಿ ನೋಡಿ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ವಾರಂಟಿ ಇದ್ದೂ ಕಂಪೆನಿ ಸರಿಪಡಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಅದರಿಂದಲೂ ಆಗದಿದ್ದರೆ ಕಲ್ಪೆಟ್ಟದಲ್ಲಿ ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಅಂದರೆ ಆನ್‌ಲೈನ್‌ನಲ್ಲಿ ಖರೀದಿಸಿದ ಲ್ಯಾಪ್‌ಟಾಪ್‌ಗಾಗಿ ಬೆಂಗಳೂರು, ದಿಲ್ಲಿಗೆ ಹೋಗಬೇಕಾಗಿಲ್ಲ. ಪಾವತಿಸಿದ ಬೆಲೆ 5 ಲಕ್ಷ ರೂ. ಒಳಗಿದ್ದರೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಸಲ್ಲಿಸಬೇಕು.

ನೆನಪಿಡಲು

ಮೊದಲು ಲೆನ್ಸ್ ಪರದೆ ಮತ್ತು ಕೀ. ನಂತರ ರೀಸ್ಟಾರ್ಟ್. ಬಳಿಕ ವಿಂಡೋಸ್‌ನ ಕ್ಯಾಮೆರಾ ಆಪ್‌ನಲ್ಲಿ ಪರೀಕ್ಷೆ. ಆಮೇಲೆ ಅನುಮತಿ, ಆಂಟಿವೈರಸ್, ಡ್ರೈವರ್. ಕೊನೆಗೆ ಹಿಂಜ್ ಮತ್ತು ಪೆನ್‌ಡ್ರೈವ್ ಪರೀಕ್ಷೆ. ಹೆಚ್ಚೆಂದರೆ ಒಂದು ಗಂಟೆಯ ಕೆಲಸ. ಇಷ್ಟೂ ಮಾಡಿದ ಮೇಲೂ ಚೌಕ ಕಪ್ಪಾಗಿಯೇ ಇದ್ದರೆ, ಫೈಲ್‌ಗಳ ನಕಲು ಮನೆಯಲ್ಲಿಟ್ಟು, ಬಿಲ್ ಬ್ಯಾಗಿಗೆ ಹಾಕಿಕೊಂಡು ಚುರಂ ಇಳಿಯಬಹುದು.